ಮೂರು ಮೀಟರ್ ನೀರಿನ ಸದ್ದು

ಕೆರೆಯಲ್ಲಿ ಈಜು ಕಲಿತವರಿಗೆ ಈ ಆಟ ಗೊತ್ತು. ಒಬ್ಬರು ಉಸಿರು ಕಟ್ಟಿ ಮುಳುಗಬೇಕು, ಇನ್ನೊಬ್ಬರು ದೂರದಲ್ಲಿ ನೀರೊಳಗೆ ಎರಡು ಕಲ್ಲು ಕುಟ್ಟಬೇಕು. ಟಕ್ಕೆಂಬ ಸದ್ದು ಕಿವಿಯ ಪಕ್ಕದಲ್ಲೇ ಆದಂತೆ ಕೇಳುತ್ತದೆ. ಯಾವ ಕಡೆಯಿಂದ ಬಂತೆಂಬುದು ಮಾತ್ರ ತಿಳಿಯುವುದಿಲ್ಲ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಸದ್ದು ನೀರಿನಲ್ಲಿ ಸುಮಾರು 1,500 ಮೀಟರ್ ಓಡುತ್ತದೆ.

ನದಿಗಳಲ್ಲಿ ಓಡುವ ಹಡಗುಗಳ ಸದ್ದೂ ಹೀಗೆಯೇ ಓಡುತ್ತದೆ. ದೆಹಲಿಯ ಮಗ್ಗುಲಿನ ನೋಯ್ಡಾದಲ್ಲಿ, ಆ ಹಡಗುದಾರಿಗಳನ್ನು ನೋಡಿಕೊಳ್ಳುವ ಭಾರತೀಯ ಒಳನಾಡು ಜಲಮಾರ್ಗ ಪ್ರಾಧಿಕಾರದ ಕೇಂದ್ರ ಕಚೇರಿಯಿದೆ. ದೇಶದಲ್ಲಿ 111 ರಾಷ್ಟ್ರೀಯ ಜಲಮಾರ್ಗಗಳು, ಒಟ್ಟು 20,000 ಕಿ.ಮೀ.ಗೂ ಹೆಚ್ಚು ಉದ್ದ. ಮೊದಲನೆಯದು ಹಲ್ದಿಯಾದಿಂದ ಪ್ರಯಾಗರಾಜ್‌ವರೆಗಿನ 1,620 ಕಿ.ಮೀ. ಗಂಗೆ. 110ನೆಯದು ದೆಹಲಿಯಿಂದ ಹೊರಡುವ ಯಮುನೆ. ಗಂಗೆಯಲ್ಲಿ ಹಡಗುಗಳಿಗಾಗಿ ಕಾಯ್ದುಕೊಳ್ಳಬೇಕೆಂದು ಗೊತ್ತುಮಾಡಿದ ಆಳ ಕೆಳಭಾಗದಲ್ಲಿ 3 ಮೀಟರ್, ವಾರಾಣಸಿಯತ್ತ 2.2 ಮೀಟರ್. ಮನೆಯ ಕೋಣೆಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ.

ಆಳ ಕಡಲಲ್ಲಿ ಹಡಗಿನ ಸದ್ದು ಅಳೆಯಲು ಅಂತರರಾಷ್ಟ್ರೀಯ ಮಾನಕ ಕೇಳುವ ಆಳವೆಷ್ಟು ಗೊತ್ತೇ? ಕನಿಷ್ಠ 150 ಮೀಟರ್. ಎರಡು ಕುತುಬ್ ಮಿನಾರ್‌ಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ತುದಿ ಮುಳುಗುವಷ್ಟು ನೀರು! ಗಂಗೆಯ ಹಡಗುದಾರಿಗೆ ಗೊತ್ತುಮಾಡಿದ 3 ಮೀಟರ್ ಅದರ ಐವತ್ತರಲ್ಲೊಂದು ಪಾಲು.

ಅಷ್ಟು ಆಳ ಏಕೆ ಬೇಕು? ಆಳದಲ್ಲಿ ಸದ್ದು ಚೆಂಡಿನಂತೆ ಸುತ್ತಲೂ ಹಿಗ್ಗುತ್ತ, ಒಂದು ಕಿಲೋಮೀಟರ್ ದಾಟುವಷ್ಟರಲ್ಲಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೀರಿನ ಮೇಲ್ಮೈ ಮತ್ತು ಗಟ್ಟಿ ತಳದ ನಡುವೆ ಸಿಕ್ಕಿಬಿದ್ದರೆ ಲೆಕ್ಕಕ್ಕೆ ಸಾವಿರದಲ್ಲಿ ಒಂದು ಪಾಲಿಗಷ್ಟೇ ಇಳಿಯುತ್ತದೆ. ಅಂದರೆ ಸಾವಿರ ಪಟ್ಟು ವ್ಯತ್ಯಾಸ. ತಳ ಕೆಸರಾಗಿದ್ದರೆ ಆ ಕೆಸರು ಸದ್ದನ್ನು ನುಂಗುತ್ತದೆ. ಇಂಜಿನ್ನಿನ ಗುಡುಗಿನದು ಇನ್ನೊಂದು ಕಥೆ: 125 ಹರ್ಟ್ಸ್‌ನ ಅಲೆ 12 ಮೀಟರ್ ಉದ್ದ, ಅದಕ್ಕಿಂತ ಉದ್ದದ ಅಲೆಗೆ 3 ಮೀಟರ್ ನೀರಿನಲ್ಲಿ ದೂರ ಸಾಗಲು ಜಾಗವೇ ಇಲ್ಲ. ಹಡಗು ಅದೇ, ಇಂಜಿನ್ ಅದೇ. ಮಳೆಗಾಲದಲ್ಲಿ ಒಂದು ಅಂಕಿ, ಬೇಸಿಗೆಯಲ್ಲಿ ಮತ್ತೊಂದು. ನೀರೊಳಗಿನ ಸದ್ದು ಹಿಡಿಯುವ ಹೈಡ್ರೋಫೋನು ಹಡಗಿನ ಜೊತೆಗೆ ನದಿಯನ್ನೂ ಅಳೆಯುತ್ತಿರುತ್ತದೆ.

ಈ ತೆಳು ನೀರಿನಲ್ಲೇ ನಮ್ಮ ರಾಷ್ಟ್ರೀಯ ಜಲಚರವಾದ ಗಂಗಾ ಡಾಲ್ಫಿನ್ ಬದುಕಬೇಕು. 2025ರಲ್ಲಿ ಪ್ರಕಟವಾದ ದೇಶದ ಮೊದಲ ಗಣತಿಯ ಪ್ರಕಾರ ನದಿ ಡಾಲ್ಫಿನ್‌ಗಳು 6,327. ಅವುಗಳಲ್ಲಿ ಮೂರು ಸಿಂಧೂ ಡಾಲ್ಫಿನ್‌ಗಳು. ಗಂಗಾ ಡಾಲ್ಫಿನ್‌ನ ಕಣ್ಣಿನಲ್ಲಿ ಮಸೂರವೇ ಇಲ್ಲ. ತನ್ನ ಸದ್ದಿನ ಮರುದನಿಯಿಂದಲೇ ಅದು ಮೀನು ಹುಡುಕುತ್ತದೆ. ಆ ಸದ್ದಿನ ಅಲೆ ಹೆಬ್ಬೆರಳಿನ ಅಗಲದಷ್ಟು, ಸುಮಾರು 2.3 ಸೆಂ.ಮೀ. ಪ್ರೊಪೆಲರ್ ಸುತ್ತ ಸಿಡಿಯುವ ಗುಳ್ಳೆಗಳ ಗದ್ದಲ ಅದನ್ನು ಮುಚ್ಚಿಹಾಕುತ್ತದೆ. ಸಂಶೋಧಕರಾದ ಮಯೂಖ್ ಡೇ, ಬೆಂಗಳೂರಿನ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗದ್ದಲ ಏರಿದಾಗ ಡಾಲ್ಫಿನ್‌ಗಳ ದೇಹಕ್ಕೆ ಬೀಳುವ ಶಕ್ತಿವ್ಯಯದ ಹೊರೆ ಎರಡು ಪಟ್ಟು ಮೀರಿತ್ತು. ಬೇಸಿಗೆಯಲ್ಲಿ ನೀರಿಳಿದಾಗ ಪರಿಣಾಮ ಇನ್ನೂ ಕೆಟ್ಟದಾಗಿತ್ತು.

ನೀರು ತೀರ ಕಡಿಮೆಯಿರುವ ಮೇ ತಿಂಗಳಲ್ಲೂ ಯಮುನೆಯಲ್ಲಿ ದೆಹಲಿಯವರೆಗೆ ಡಾಲ್ಫಿನ್‌ಗಳು ಇರುತ್ತವೆ ಎಂದು 1879ರಲ್ಲಿ ಪ್ರಾಣಿಶಾಸ್ತ್ರಜ್ಞ ಜಾನ್ ಆಂಡರ್ಸನ್ ದಾಖಲಿಸಿದ್ದರು. ಇಂದು ದೆಹಲಿಯ ಯಮುನೆಯಲ್ಲಿ ಒಂದೂ ಇಲ್ಲ. ಪ್ರೊಪೆಲರ್ ತಿದ್ದಬಹುದು, ಹಡಗುಗಳ ಓಡಾಟ ತಗ್ಗಿಸಬಹುದು, ಎರಡೂ ಆಗಲೇಬೇಕು. ಆದರೆ ಮೇ ತಿಂಗಳಲ್ಲಿ ನದಿಗೆ ಎಷ್ಟು ನೀರು ಉಳಿಸುತ್ತೇವೆ ಎಂಬುದನ್ನು ಮೊದಲು ಅಳೆಯಬೇಕು.