ಕೆಸರೆಗೆ ಬಂದು ಸೇರುವ ಉಪ್ಪು

ಮೈಸೂರಿನ ಕೊಳಚೆ ನೀರನ್ನು ಶುದ್ಧಗೊಳಿಸುವ ದೊಡ್ಡ ಘಟಕಗಳಲ್ಲಿ ಒಂದು ಕೆಸರೆಯಲ್ಲಿದೆ. ಅಡುಗೆಮನೆಯ ಗಂಜಿ, ಬಚ್ಚಲಿನ ಸೋಪು, ಶೌಚಾಲಯದ ಹೊಲಸು, ಸಾರಿನಲ್ಲಿ ಮಿಕ್ಕ ಉಪ್ಪು ಎಲ್ಲವೂ ಒಳಚರಂಡಿಯಲ್ಲಿ ಕಲೆತು ಇಂಥ ಘಟಕಕ್ಕೆ ಬರುತ್ತವೆ. ಕಲೆಸಲು ಯಾರೂ ಕೈಯಾಡಿಸಬೇಕಿಲ್ಲ. ತಾನಾಗಿ ಕಲೆತ ಉಪ್ಪು ತಾನಾಗಿಯೇ ನೀರಿನಿಂದ ಬೇರೆಯಾಗುವುದಿಲ್ಲವೇಕೆ? ಅಣುಗಳ ಚಲನೆಯ ನಿಯಮಗಳಲ್ಲಿ ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಉತ್ತರ ಇರುವುದು ಎಣಿಕೆಯಲ್ಲಿ.

ಚೌಕಾಬಾರ ಆಡಿದವರಿಗೆ ಈ ಎಣಿಕೆ ಹೊಸತಲ್ಲ. ನಾಲ್ಕು ಕವಡೆಗಳಲ್ಲಿ ಪ್ರತಿಯೊಂದೂ ಅಂಗಾತ ಇಲ್ಲವೇ ಬೋರಲು ಬೀಳಬಹುದು. ಒಟ್ಟು 16 ಬಗೆ. ಆಟಕ್ಕೆ ಬೇಕಾದದ್ದು ಎಷ್ಟು ಕವಡೆ ಅಂಗಾತ ಬಿದ್ದವು ಎಂಬುದಷ್ಟೆ. ಯಾವ ಕವಡೆ ಎಂಬುದು ಯಾರಿಗೂ ಬೇಡ. ಎರಡು ಬೀಳಲು 6 ದಾರಿಗಳಿವೆ, ಒಂದಕ್ಕೂ ಮೂರಕ್ಕೂ ತಲಾ 4. ಎಲ್ಲ ಅಂಗಾತವಾಗುವ ಚೌಕಕ್ಕೆ ಒಂದೇ ದಾರಿ, ಎಲ್ಲ ಬೋರಲಾಗುವ ಎಂಟಕ್ಕೂ ಒಂದೇ. ಒಂದೊಂದು ಕವಡೆಯ ಲೆಕ್ಕವಿಟ್ಟು ಹೇಳುವ ಆ 16 ಬಗೆಗಳು ಸೂಕ್ಷ್ಮಸ್ಥಿತಿಗಳು. ಮಣೆಯ ಮೇಲೆ ಕಾಯಿ ನಡೆಸುವ ಗರ ಸ್ಥೂಲಸ್ಥಿತಿ.

ಕವಡೆ ನಾಲ್ಕೇ ಇರುವುದರಿಂದ ಚೌಕ ಆಗಾಗ ಬೀಳುತ್ತದೆ. 100 ಕವಡೆಗಳಿದ್ದರೆ ಸೂಕ್ಷ್ಮಸ್ಥಿತಿಗಳು 1ರ ಮುಂದೆ 30 ಸೊನ್ನೆ ಹಾಕಿದ ಸಂಖ್ಯೆಯನ್ನೂ ಮೀರುತ್ತವೆ. ಅಷ್ಟರಲ್ಲಿ ಎಲ್ಲವೂ ಅಂಗಾತವಾಗಿರುವುದು ಒಂದೇ ಒಂದು. ನೂರಕ್ಕೆ 96 ಸಲ ಅಂಗಾತ ಬಿದ್ದವು 40 ಮತ್ತು 60ರ ನಡುವೆಯೇ ಇರುತ್ತವೆ. ಇನ್ನು 18 ಗ್ರಾಂ ನೀರಿನಲ್ಲಿರುವ ಅಣುಗಳೋ 6ರ ಮುಂದೆ 23 ಸೊನ್ನೆಯಷ್ಟು. ಉಪ್ಪು ಒಂದು ಮೂಲೆಗೆ ಸರಿದು ನಿಲ್ಲುವ ಸೂಕ್ಷ್ಮಸ್ಥಿತಿಗಳೂ ಇವೆ, ಆದರೆ ಹರಡಿಕೊಂಡಿರುವ ಸ್ಥಿತಿಗಳ ಮುಂದೆ ಅವು ಲೆಕ್ಕಕ್ಕೇ ಬರುವುದಿಲ್ಲ. ವಿಶ್ವದ ವಯಸ್ಸಿನಷ್ಟು ಕಾಲ ಕಾದರೂ ಆ ಗರ ಬೀಳದು.

ಚದುರುವಿಕೆಯ ಅಳತೆಯಾದ ಎಂಟ್ರೊಪಿಯನ್ನು ಈ ಎಣಿಕೆಗೆ 1877ರಲ್ಲಿ ಜೋಡಿಸಿದವರು ಆಸ್ಟ್ರಿಯಾದ ಲುಡ್ವಿಗ್ ಬೋಲ್ಟ್ಸ್‌ಮನ್. ಒಂದು ಸ್ಥೂಲಸ್ಥಿತಿಗೆ ಎಷ್ಟು ಸೂಕ್ಷ್ಮಸ್ಥಿತಿಗಳಿವೆಯೋ ಆ ಸಂಖ್ಯೆಯ ಲಾಗರಿದಮ್ ಬೆಳೆದಂತೆ ಎಂಟ್ರೊಪಿಯೂ ಬೆಳೆಯುತ್ತದೆ. ವಿಯೆನ್ನಾದಲ್ಲಿ ಅವರ ಸಮಾಧಿಯ ಮೇಲೆ ಕೆತ್ತಿರುವುದು ಇದೇ ಸೂತ್ರವನ್ನು. ಭೌತವಿಜ್ಞಾನದಲ್ಲಿ ಇಷ್ಟು ಚಿಕ್ಕದಾಗಿ ಇಷ್ಟು ದೊಡ್ಡದನ್ನು ಹೇಳಿದ ಸೂತ್ರಗಳು ಕಡಿಮೆ ಎಂದೇ ನನ್ನ ಎಣಿಕೆ.

ಹಾಗಾದರೆ ಕೊಳಚೆ ನೀರು ಶುದ್ಧವಾಗುವುದು ಹೇಗೆ? ಘಟಕದ ಬ್ಯಾಕ್ಟೀರಿಯಾಗಳು ಎಣಿಕೆಯ ವಿರುದ್ಧ ಈಜುವುದಿಲ್ಲ, ಅದರ ಜೊತೆಗೇ ಸಾಗುತ್ತವೆ. ಹೊಲಸಿನ ದೊಡ್ಡ ಅಣುಗಳನ್ನು ಆಮ್ಲಜನಕದೊಂದಿಗೆ ಉರಿಸಿ ಇಂಗಾಲದ ಡೈ ಆಕ್ಸೈಡ್, ನೀರು ಮತ್ತು ಶಾಖವಾಗಿಸುತ್ತವೆ. ಶಾಖ ಸುತ್ತಲೂ ಚದುರುತ್ತದೆ, ಒಟ್ಟು ಸೂಕ್ಷ್ಮಸ್ಥಿತಿಗಳು ಹೆಚ್ಚುತ್ತವೆ. ಮನುಷ್ಯರು ಮುಖ್ಯವಾಗಿ ಒದಗಿಸಬೇಕಾದದ್ದು ಗಾಳಿ. ವಿದ್ಯುತ್ತಿನ ಬಹುಪಾಲು ಖರ್ಚಾಗುವುದೂ ಅದಕ್ಕೇ.

ಉಪ್ಪನ್ನು ಮಾತ್ರ ಯಾವ ಬ್ಯಾಕ್ಟೀರಿಯಾವೂ ಉರಿಸಿ ಉಣ್ಣಲಾರದು. ಅದು ಹೆಚ್ಚುಕಡಿಮೆ ಬಂದಷ್ಟೇ ಹೊರಗೆ ಹೋಗುತ್ತದೆ. ತೆಗೆಯಲೇಬೇಕೆಂದರೆ ಚದುರಿದ್ದನ್ನು ಒತ್ತಟ್ಟಿಗೆ ತರಬೇಕು, ಅದಕ್ಕೆ ಬೆಲೆ ತೆರಬೇಕು. ಯಂತ್ರ ಎಷ್ಟೇ ಜಾಣತನದ್ದಾದರೂ ಆ ಬೆಲೆಗೊಂದು ತಳವಿದೆ: ಸಮುದ್ರದ ನೀರಿನ ಅರ್ಧವನ್ನು ಸಿಹಿನೀರಾಗಿಸಲು ಪ್ರತಿ 1000 ಲೀಟರ್ ಸಿಹಿನೀರಿಗೆ ಸುಮಾರು 1 ಯೂನಿಟ್ ವಿದ್ಯುತ್ತು ಬೇಕೇ ಬೇಕು. ಇಂದಿನ ಒಳ್ಳೆಯ ಸ್ಥಾವರಗಳು ಸುಮಾರು 3 ಯೂನಿಟ್ ಬಳಸುತ್ತವೆ. ಕೊಳಚೆ ನೀರಿನಲ್ಲಿ ಉಪ್ಪು ಅದಕ್ಕಿಂತ ಬಹಳ ಕಡಿಮೆ, ಹಾಗಾಗಿ ತಳವೂ ಕೆಳಗಿದೆ, ಆದರೆ ಸೊನ್ನೆಯಲ್ಲ. ಸಿಂಕಿಗೆ ಬೀಳುವ ಮುನ್ನವೇ ತಡೆದ ಉಪ್ಪಿಗೆ ಈ ಬೆಲೆ ತೆರಬೇಕಾಗಿಲ್ಲ.