ಓರಾಯನ್ ಭುಜದ ಪಕ್ಕದ ಬ್ಲೇಝಾರ್

ಕಂಗ್ಟಿ, ನಾರಾಯಣಖೇಡ ಕಡೆಯವರೇ, ಡಿಸೆಂಬರ್‌ನಲ್ಲಿ ರಾತ್ರಿ ಊಟ ಮುಗಿಸಿ ಮಾಳಿಗೆ ಹತ್ತಿ. ಪೂರ್ವಕ್ಕೆ ಒಂದೇ ಸಾಲಿನಲ್ಲಿ ಮೂರು ನಕ್ಷತ್ರ ಕಾಣುತ್ತವಲ್ಲ, ಅದೇ ಓರಾಯನ್ ನಕ್ಷತ್ರಪುಂಜದ ನಡುಪಟ್ಟಿ. ಓರಾಯನ್‌ನ ಭುಜದ ಪಕ್ಕದಲ್ಲಿ, ಬರಿಗಣ್ಣಿಗೆ ಕಾಣದ ಒಂದು ಬ್ಲೇಝಾರ್ ಇದೆ: ಟಿಎಕ್ಸ್‌ಎಸ್ 0506+056.

ಬ್ಲೇಝಾರ್ ಎಂದರೆ, ಗ್ಯಾಲಕ್ಸಿಯೊಂದರ ನಡುವೆ ದೈತ್ಯ ಕಪ್ಪುಕುಳಿ. ಅದು ಚಿಮ್ಮಿಸುವ ಕಣಗಳ ಧಾರೆ ನೇರ ನಮ್ಮ ಕಡೆಗೇ ತಿರುಗಿದೆ. ಅಲ್ಲಿನ ಬೆಳಕು ಇಲ್ಲಿಗೆ ಬರಲು ಸುಮಾರು 400 ಕೋಟಿ ವರ್ಷ ಬೇಕು.

2017ರ ಸೆಪ್ಟೆಂಬರ್ 22. ದಕ್ಷಿಣ ಧ್ರುವದ ಹಿಮದೊಳಗಿನ ಐಸ್‌ಕ್ಯೂಬ್ ವೀಕ್ಷಣಾಲಯಕ್ಕೆ ನ್ಯೂಟ್ರಿನೊ ಎಂಬ ಕಣವೊಂದು ಸಿಕ್ಕಿತು. ಒಂದೇ ಒಂದು! 43 ಸೆಕೆಂಡಿನಲ್ಲಿ ಜಗತ್ತಿನ ದೂರದರ್ಶಕಗಳಿಗೆ ಸುದ್ದಿ ಹೋಯಿತು. ಫರ್ಮಿ ಉಪಗ್ರಹ ನೋಡಿದರೆ, ಆ ದಿಕ್ಕಿನಲ್ಲೇ ಈ ಬ್ಲೇಝಾರ್ ಗಾಮಾ ಕಿರಣಗಳಲ್ಲಿ ಭುಗಿಲೆದ್ದಿತ್ತು.

ಆದರೆ ನನಗೆ ನಿಜವಾದ ಸ್ವಾರಸ್ಯ ಇರುವುದು ಎಕ್ಸ್‌ರೇಯಲ್ಲಿ. ಬ್ಲೇಝಾರ್‌ನಲ್ಲಿ ಇಂಥ ನ್ಯೂಟ್ರಿನೊ ಸಾಮಾನ್ಯವಾಗಿ ಹುಟ್ಟುವುದು ಪ್ರೋಟಾನ್ ಹೋಗಿ ಬೆಳಕಿನ ಕಣಕ್ಕೆ ಗುದ್ದಿದಾಗ ಎಂದು ಭಾವಿಸಲಾಗಿದೆ. ಆಗ ಜೊತೆಗೆ ಗಾಮಾ ಕಿರಣಗಳೂ ಹುಟ್ಟುತ್ತವೆ. ಅವುಗಳ ಶಕ್ತಿ ಒಡೆದೊಡೆದು ಕೊನೆಗೆ ಎಕ್ಸ್‌ರೇಯಾಗಿಯೂ ಹೊರಬೀಳುತ್ತದೆ. ಹಾಗಾಗಿ ಎಕ್ಸ್‌ರೇ ಅಳೆದರೆ, ಅಲ್ಲಿ ಹೆಚ್ಚೆಂದರೆ ಎಷ್ಟು ನ್ಯೂಟ್ರಿನೊ ಹುಟ್ಟಿರಬಹುದು ಎಂಬ ಲೆಕ್ಕ ಸಿಗುತ್ತದೆ. ಸ್ವಿಫ್ಟ್, ನ್ಯೂಸ್ಟಾರ್ ಉಪಗ್ರಹಗಳು ಅಳೆದಾಗ ಎಕ್ಸ್‌ರೇ ಕಡಿಮೆಯೇ ಇತ್ತು; ಅಂದರೆ ಅಲ್ಲಿ ಹುಟ್ಟಿರಬಹುದಾದ ನ್ಯೂಟ್ರಿನೊಗಳೂ ಕಡಿಮೆಯೇ. ಆ ನ್ಯೂಟ್ರಿನೊಗೂ ಈ ಬ್ಲೇಝಾರ್‌ಗೂ ನಂಟಿದೆ ಎಂಬ ಪುರಾವೆ, ಖಚಿತತೆಯ ಅಳತೆಯಾದ ಸಿಗ್ಮಾದಲ್ಲಿ ಸುಮಾರು 3. ಖಚಿತ ಅನ್ನಲು 5 ಬೇಕು.

ಈ ಬೇಟೆಯಲ್ಲಿ ಭಾರತದ ಹೆಜ್ಜೆ ಹಳೆಯದು. 1965ರಲ್ಲೇ ಕೋಲಾರದ ಚಿನ್ನದ ಗಣಿಯಲ್ಲಿ, 2 ಕಿಲೋಮೀಟರಿಗಿಂತ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತ್ತು. 2015ರಲ್ಲಿ ಹಾರಿದ ಇಸ್ರೋದ ಆಸ್ಟ್ರೋಸ್ಯಾಟ್ ಬ್ಲೇಝಾರ್‌ಗಳನ್ನು ಎಕ್ಸ್‌ರೇಯಲ್ಲೂ ನೇರಳಾತೀತದಲ್ಲೂ ಒಟ್ಟಿಗೇ ನೋಡಿದೆ.