ಬಿದರಿಯ ಕಪ್ಪು, ಬೆಳ್ಳಿಯ ಬಿಳುಪು

ಸೇಲಂ ಪಟ್ಟಣದ ಬೆಳ್ಳಿ ಕೆಲಸ ನಮ್ಮ ಸೀಮೆಯವರಿಗೆಲ್ಲ ಪರಿಚಿತವಾದುದು. ತಮಿಳಿನಲ್ಲಿ ಕೊಲುಸು ಎಂದರೂ ಕನ್ನಡದಲ್ಲಿ ಕಾಲ್ಗೆಜ್ಜೆ ಎಂದರೂ ಬೆಳ್ಳಿ ಒಂದೇ. ಅದೇ ಬೆಳ್ಳಿ ಕರ್ನಾಟಕದ ಉತ್ತರದ ತುದಿಯಲ್ಲಿರುವ ಬೀದರಿನಲ್ಲಿ ಇನ್ನೊಂದು ಕಲೆಗೆ ಒದಗಿದೆ. ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ರಾಜಧಾನಿ ಮಾಡಿಕೊಂಡ ಈ ಊರಿನ ಹೆಸರೇ ಕಲೆಗೂ ಬಂದು, ಅದು 'ಬಿದರಿ' ಎನಿಸಿತು. ಕಾಡಿಗೆಯಂತೆ ಕಪ್ಪಾದ ಹೂಜಿಯ ಮೇಲೆ ಬೆಳ್ಳಿಯ ಹೂಬಳ್ಳಿ ಹೊಳೆಯುತ್ತದೆ. ಇಡೀ ಪಾತ್ರೆಗೆ ಒಂದೇ ಮಣ್ಣನ್ನು ಬಳಿದರೂ ಒಂದು ಭಾಗ ಮಾತ್ರ ಕಪ್ಪಾಗಿ, ಇನ್ನೊಂದು ಬೆಳ್ಳಗೆ ಉಳಿಯುವುದು ಹೇಗೆ?

ಮೊದಲು ಕೆಲಸದ ಕ್ರಮವನ್ನು ನೋಡೋಣ. ಹೆಚ್ಚು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಕರಗಿಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯ ಮಾಡಿದ ಮೇಲೆ ಮೈಲುತುತ್ತದ ನೀರನ್ನು ಸವರುತ್ತಾರೆ. ಆಗ ಮೈ ತಾತ್ಕಾಲಿಕವಾಗಿ ಕಪ್ಪಾಗಿ, ಗೀರಿದ ಚಿತ್ರ ಎದ್ದು ಕಾಣುತ್ತದೆ. ಚಿತ್ರವನ್ನು ಸಣ್ಣ ಉಳಿಯಿಂದ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಮೊದಲಿನ ಕಪ್ಪು ಹೋಗಿ, ಸತುವೂ ಬೆಳ್ಳಿಯೂ ಹೆಚ್ಚುಕಡಿಮೆ ಒಂದೇ ಬಣ್ಣವಾಗಿ ಕಾಣುತ್ತವೆ. ಕಡೆಯದಾಗಿ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಸ್ವಲ್ಪ ಹೊತ್ತಿಗೆ ತೊಳೆದರೆ ನೆಲ ಕಪ್ಪು, ಚಿತ್ರ ಬಿಳುಪು!

ಇದು ಮಂತ್ರವಲ್ಲ, ರಸಾಯನ. ಕಬ್ಬಿಣದ ಮೊಳೆಯನ್ನು ಮೈಲುತುತ್ತದ ನೀರಿನಲ್ಲಿಟ್ಟರೆ ಅದರ ಮೇಲೆ ತಾಮ್ರ ಕೂರುವುದನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಕಂಡಿರಬಹುದು. ಲೋಹಗಳಲ್ಲಿ ಕೆಲವು ಚುರುಕು, ಕೆಲವು ಮಂದ. ಸತುವು ಬಹಳ ಚುರುಕು. ತಾಮ್ರ ಅದಕ್ಕಿಂತ ಮಂದ. ಬೆಳ್ಳಿ ಇನ್ನೂ ಮಂದ. ಮಣ್ಣಿನ ಲವಣಗಳೂ ನವಸಾಗರವೂ ಮೇಲ್ಮೈಯ ಸತುವನ್ನು ಕರಗಿಸುತ್ತವೆ. ಉಳಿದ ತಾಮ್ರ ಮೇಲೆ ದಟ್ಟವಾಗಿ ಕಪ್ಪು ಪದರವಾಗುತ್ತದೆ. ಆದುದರಿಂದಲೇ ಬರಿಯ ಸತುವಿನಿಂದ ಈ ಕಪ್ಪು ಬಾರದು. ಆ ಸ್ವಲ್ಪ ತಾಮ್ರ ಬೇಕೇ ಬೇಕು. ಬೆಳ್ಳಿಯಾದರೋ ಆ ಮಣ್ಣಿಗೆ ಜಗ್ಗದೆ ಹಾಗೆಯೇ ಉಳಿಯುತ್ತದೆ.

ಇಂದು ಗಣಕಯಂತ್ರದ ಚಿಪ್ಪು ತಯಾರಿಸುವವರು ಆಶ್ರಯಿಸುವುದೂ ಈ ತತ್ತ್ವವನ್ನೇ. ಲೋಹವೂ ಗಾಜಿನಂಥ ವಸ್ತುವೂ ಅಕ್ಕಪಕ್ಕದಲ್ಲಿರುವ ಮೈಮೇಲೆ, ಒಂದಕ್ಕೆ ಮಾತ್ರ ಅಂಟುವ ರಾಸಾಯನಿಕವನ್ನು ಅವರು ಆರಿಸುತ್ತಾರೆ. ಗಂಧಕವುಳ್ಳ ಕೆಲವು ಸಂಯುಕ್ತಗಳು ಚಿನ್ನ, ತಾಮ್ರಗಳನ್ನು ಹಿಡಿದುಕೊಳ್ಳುತ್ತವೆ. ಸಿಲಿಕಾನಿನ ಕೆಲವು ಸಂಯುಕ್ತಗಳು ಗಾಜನ್ನು ಹಿಡಿಯುತ್ತವೆ.

ತಾಯಂದಿರಿಗೆ ಒಂದು ಮಾತು. ಮನೆಯಲ್ಲಿ ಬಿದರಿ ವಸ್ತುವಿದ್ದರೆ ಹಿತ್ತಾಳೆಯಂತೆ ಹುಣಿಸೆಹಣ್ಣಿನಿಂದ ತಿಕ್ಕಬೇಡಿರಿ. ಹುಳಿ ಸತುವನ್ನು ತಿನ್ನುತ್ತದೆ, ಕಪ್ಪು ಕೆಡುತ್ತದೆ. ಮೆತ್ತನೆಯ ಬಟ್ಟೆಯಿಂದ ಒರೆಸಿ, ಕಪ್ಪು ಭಾಗಕ್ಕೆ ತುಸು ಎಣ್ಣೆ ಸವರಿದರೆ ಸಾಕು.

ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೀದರಿನ ಕುಶಲಿಗರಾದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಆದರೆ ಪ್ರಶಸ್ತಿಯಿಂದ ಮಾತ್ರ ಕಲೆ ಉಳಿಯದು; ಕಲಿಯುವ ಕೈಗಳು ಬೇಕು. ಯಾವ ಮಣ್ಣು ಹದವಾದುದೆಂದು ನಾಲಗೆಯ ರುಚಿಯಿಂದಲೇ ಗುರುತಿಸುವ ಕುಶಲಿಗರು ಅಲ್ಲಿದ್ದಾರೆ. ಆ ತಿಳಿವಳಿಕೆ ಪುಸ್ತಕದಿಂದ ಬರುವುದಿಲ್ಲ. ಕೈಕಸುಬನ್ನು ಓದಿಗಿಂತ ಕೀಳೆಂದು ಎಣಿಸುವ ಮಕ್ಕಳೂ ತಂದೆತಾಯಿಗಳೂ ಇದನ್ನು ಯೋಚಿಸಬೇಕು. ನಾವು ಕರಿಹಲಗೆಯ ಮೇಲೆ ಬರೆದು ಕಲಿಸುವ ಪಾಠವನ್ನು ಆ ಕೈಗಳು ಶತಮಾನಗಳ ಹಿಂದೆಯೇ ಬಲ್ಲವು.